ಬಿಳಿ ಗೆರೆಯ ಬಲಕ್ಕೆ

ವಯೋಮಿಂಗ್‌ನಲ್ಲಿ ಗಾಳಿಗೆ ರಜೆಯಿಲ್ಲ.
ಸೋಡಾ ಬೂದಿ ಹೇರಿಕೊಂಡು ಪೂರ್ವಕ್ಕೆ ಹೊರಟರೆ
ಬೆನ್ನಿಗೆ ಬಿದ್ದು ದಬ್ಬುತ್ತದೆ,
ಖಾಲಿ ಟ್ರೇಲರು ಎಳೆದು ವಾಪಸು ಬರುವಾಗ
ಸಾಲ ಕೊಟ್ಟವನ ಹಾಗೆ ಎದುರಿಗೇ ನಿಲ್ಲುತ್ತದೆ.

ಆ ಗಾಳಿಯೊಳಗೆ, ಬಿಳಿ ಗೆರೆಯ ಬಲಕ್ಕೆ
ಒಂದು ಹಳದಿ ಚುಕ್ಕೆ.

ರೇಡಿಯೋದಲ್ಲಿ ಆಡಿಕೊಳ್ಳುತ್ತಿದ್ದೆವು:
'ನಿಂಬೆಹಣ್ಣು ಹೊರಟಿತು ನೋಡ್ರೋ,
ಮೈಲಿಗಲ್ಲು ನೂರಾ ಹದಿನಾಲ್ಕರ ಹತ್ತಿರ!'
ನಕ್ಕವರಲ್ಲಿ ನಾನೂ ಒಬ್ಬ.
ಹದಿನೆಂಟು ಗಾಲಿಯ ಮೇಲೆ ಕೂತವನಿಗೆ
ಎರಡು ಗಾಲಿ ಯಾವ ಲೆಕ್ಕ?

ಹೆಸರು ವೆರ್ನಾ ಕೋಲ್‌ಸ್ಟಾಡ್.
ಟ್ರಕ್ ನಿಲ್ದಾಣದ ಅಡುಗೆಮನೆಯಲ್ಲಿ ಬೆಳಗಿನ ಪಾಳಿ.
ಕಾರು ಮಾರಿ ಮೊಮ್ಮಗಳ ಹಲ್ಲಿಗೆ ತಂತಿ ಕಟ್ಟಿಸಿದಳಂತೆ.
ಮನೆಯಿಂದ ಒಲೆಗೆ ಹನ್ನೊಂದು ಮೈಲಿ,
ಈಚೆ ನದಿ, ಆಚೆ ರೈಲು ಹಳಿ,
ನಡುವೆ ಇರುವುದು ಇದೊಂದೇ ದಾರಿ.

ಹೊಸದಾಗಿ ಬಂದ ಪೊಲೀಸು ಆರ್ಚುಲೆಟಾ
ಒಮ್ಮೆ ದೀಪ ಮಿನುಗಿಸಿ ತಡೆದನಂತೆ:
'ಅಮ್ಮಾ, ಇದು ಹೈವೇ.'
'ಗೊತ್ತು ಮಗಾ' ಎಂದು ವೆರ್ನಾ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕಾನೂನಿನ ಹಾಳೆ ಬಿಡಿಸಿದಳು,
ಅಂಚಿಗೆ ಮೊಟ್ಟೆ ಮೆತ್ತಿದ ಹಾಳೆ.
ಈ ರಾಜ್ಯದಲ್ಲಿ ಸೈಕಲ್ಲಿಗೆ ರಸ್ತೆಯಂಚು ಉಂಟು;
ಬೇರೆ ಕಡೆ ಫಲಕ ಓದಿ ಹತ್ತಬೇಕು, ಇಲ್ಲವೇ ಇಳಿಯಬೇಕು.
ಅವನು ಓದಿದ. ಟೋಪಿ ಸರಿಮಾಡಿಕೊಂಡ.
'ಹಿಂದಕ್ಕೆ ಇನ್ನೊಂದು ಕೆಂಪು ದೀಪ ಹಾಕಿಸಿಕೊಳ್ಳಿ' ಎಂದ.
ಹಾಕಿಸಿಕೊಂಡಳು.

ಕಳೆದ ಅಕ್ಟೋಬರಿನಲ್ಲಿ ನನ್ನ ಟ್ರೇಲರಿನ ಟಯರೊಂದು ಸಿಡಿಯಿತು.
ಮೊಸಳೆಯ ಬೆನ್ನಿನಂಥ ರಬ್ಬರು ಅಂಚಿನುದ್ದ ಚೆಲ್ಲಿ,
ನಾನು ಇಳಿದು, ಬಾಗಿಲು ಹಿಡಿದುಕೊಂಡೇ ನಿಂತೆ.
ಟ್ರಕ್ಕೊಂದು ಹಾದುಹೋಯಿತು.
ಮೊದಲು ಗೋಡೆಯಾಗಿ ನೂಕಿತು,
ಮರುಗಳಿಗೆ ಬಾಯಾಗಿ ಒಳಕ್ಕೆಳೆಯಿತು.
ಹತ್ತೊಂಬತ್ತು ವರ್ಷ
ಈ ಗಾಳಿಯನ್ನು ಹಂಚಿದವನು ನಾನು,
ತಿಂದದ್ದು ಅವತ್ತೇ ಮೊದಲು.

ಅಷ್ಟರಲ್ಲಿ ನಿಂಬೆಹಣ್ಣು ಬಂತು.
ಇಳಿದಳು. ಬೈಯಲಿಲ್ಲ.
ರಬ್ಬರಿನ ತುಂಡುಗಳನ್ನು ಒಂದೊಂದೇ ಒದ್ದು ಹಳ್ಳಕ್ಕೆ ಕೆಡವಿದಳು.
ಹುಬ್ಬಿನ ಚಿಮಟದಿಂದ ತನ್ನ ಗಾಲಿಗೆ ನೆಟ್ಟ ತಂತಿ ಕಿತ್ತು
ಬೆಳಕಿಗೆ ಹಿಡಿದಳು, ಕೂದಲಷ್ಟು ಸಣ್ಣದು:
'ನನಗೆ ನಿಮ್ಮ ಟ್ರಕ್ಕಿನ ಭಯವಿಲ್ಲ ಮಾರಾಯ,
ಅದು ಬಿಟ್ಟುಹೋಗುವ ಇದರದ್ದು.'

ನನ್ನ ಟ್ರಕ್ಕು ಅವಳ ದಾರಿಯನ್ನು ಪೂರ್ತಿ ನುಂಗಿತ್ತು.
'ಎಡದಿಂದ ಸುತ್ತಿ ಹೋಗು, ನಾನು ಬಟ್ಟೆ ಬೀಸುತ್ತೇನೆ' ಅಂದೆ.
ಕೇಳಲಿಲ್ಲ. ಸೈಕಲ್ಲು ಹೆಗಲಿಗೇರಿಸಿ
ಒಣ ಪೊದೆಗಳ ನಡುವೆ, ಬಲದಿಂದಲೇ ನಡೆದಳು.
'ಆ ಜೋರು ಬರುವವರಿಗೆ ನಂಬಿಕೆ ಕೊಡಬಾರದು,
ಲೆಕ್ಕ ಕೊಡಬೇಕು.'

ರ‍್ಯಾಂಪಿನಲ್ಲಿ ಏನು ಮಾಡುತ್ತೀ? ಕೂಗಿ ಕೇಳಿದೆ.
'ನಿಲ್ಲುತ್ತೇನೆ! ಕತ್ತು ತಿರುಗಿಸುತ್ತೇನೆ,
ಹೆಲ್ಮೆಟ್ಟಿನ ಕನ್ನಡಿ ಅಲ್ಲಿ ಸುಳ್ಳು ಹೇಳುತ್ತದೆ.
ಖಾಲಿಯಾದ ಮೇಲೆ ನೇರ ಅಡ್ಡಕ್ಕೆ, ಓರೆಯಾಗಿ ಅಲ್ಲ.
ಸತ್ತುಬಿದ್ದ ಜಿಂಕೆಗಳೆಲ್ಲ ಓರೆಯಾಗಿ ಓಡಿದವೇ.'

ಅಂಚಿನ ಗುರುಗುಟ್ಟುವ ಪಟ್ಟಿಯನ್ನು ಕಾಲಿನಿಂದ ತೋರಿಸಿದಳು:
'ಇದು ನಿಮ್ಮ ನಿದ್ದೆಗೆ ಮದ್ದು,
ನನ್ನ ಸೊಂಟಕ್ಕೆ ರೋಗ.'
ಪಟ್ಟಿಗೂ ಜಲ್ಲಿಗೂ ನಡುವೆ ಮೊಳದಗಲ,
ಅಷ್ಟರಲ್ಲೇ ಹೋದಳು, ಸೂಜಿಗೆ ದಾರ ಹೋದಂತೆ.

ಇವತ್ತು ಮತ್ತೆ ರೇಡಿಯೋದಲ್ಲಿ ಯಾರೋ ಹೊಸಬ,
ದನಿಯಲ್ಲಿ ಇನ್ನೂ ಮೀಸೆ ಮೂಡಿಲ್ಲ:
'ಇದೇನ್ರೋ, ಹೈವೇ ಮೇಲೆ ನಿಂಬೆಹಣ್ಣು?'
'ವೆರ್ನಾ' ಅಂದೆ. 'ಎಡಕ್ಕೆ ಸರಿ.'
ಅತ್ತಲಿಂದ ಬರೀ ಗರಗರ.

ನಾನೂ ಸರಿದು ದಾಟಿದೆ, ದೂರ ಬಂದೆ.
ಕನ್ನಡಿಯಲ್ಲಿ, ರ‍್ಯಾಂಪಿನ ಬಾಯಲ್ಲಿ,
ಒಂದು ಕಾಲು ನೆಲಕ್ಕಿಟ್ಟು ನಿಂತಿದ್ದಾಳೆ,
ಕತ್ತು ಹಿಂದಕ್ಕೆ.
ಇನ್ನೂ ಒಂದು ಕಾರು ಬರುತ್ತಿದೆ.
ಅವಳಿಗೆ ಅವಸರವಿಲ್ಲ.